ಸಿಲಿಕೋನ್: ಪ್ಲಾಸ್ಟಿಕ್ಕೂ ಅಲ್ಲ, ಮರಳೂ ಅಲ್ಲ

ಅಡುಗೆಮನೆಯ ಮೆದು ಸೌಟು, ಮಗುವಿನ ಬಾಟಲಿಯ ನಿಪ್ಪಲ್, ಬಚ್ಚಲುಮನೆಯ ಸಂದಿಗೆ ಮೆತ್ತಿದ ಸೀಲೆಂಟ್, ತಲೆಗೆ ಹಚ್ಚುವ ಕಂಡೀಷನರ್, ಅಡಿಕೆ ತೋಟದ ಔಷಧಿಗೆ ಬೆರೆಸುವ ‘ಗಮ್’. ಇಷ್ಟರಲ್ಲೂ ಸಿಲಿಕೋನ್ ಇರಬಹುದು. ಅದರ ಬಗ್ಗೆ ಎರಡು ನಂಬಿಕೆಗಳು ಚಾಲ್ತಿಯಲ್ಲಿವೆ. ಕೆಲವರಿಗೆ ಇದು ಇನ್ನೊಂದು ಪ್ಲಾಸ್ಟಿಕ್, ಹಾಗಾಗಿ ವಿಷ. ಇನ್ನು ಕೆಲವರಿಗೆ ಮರಳಿನಿಂದ ಹುಟ್ಟಿದ ನೈಸರ್ಗಿಕ ವಸ್ತು, ಹಾಗಾಗಿ ಪರಮ ಸುರಕ್ಷಿತ. ಎರಡೂ ಕಡೆಯವರು ಮಾಡುವ ತಪ್ಪು ಒಂದೇ: ಸಿಲಿಕೋನ್ ಎಂದರೆ ಒಂದೇ ವಸ್ತು ಎಂದುಕೊಳ್ಳುವುದು. ತೆಳು ಎಣ್ಣೆಯಿಂದ ಗಟ್ಟಿ ರಬ್ಬರ್‌ವರೆಗೆ ಅದರ ಬಳಗ ದೊಡ್ಡದು. ಯಾವ ರೂಪ, ಯಾವ ದರ್ಜೆ, ಎಲ್ಲಿ ಬಳಕೆ ಎಂದು ಕೇಳದೆ ತೀರ್ಪು ಕೊಡಲಾಗದು.

“ಮರಳಿನಿಂದ ಮಾಡಿದ್ದು, ಆದ್ದರಿಂದ ನೈಸರ್ಗಿಕ”

ಆರಂಭವೇನೋ ಮರಳು, ಬೆಣಚುಕಲ್ಲುಗಳೇ. ಅವನ್ನು ಇಂಗಾಲದ ಜೊತೆ ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಆಮ್ಲಜನಕ ಕಳೆದರೆ ಸಿಲಿಕಾನ್ ಧಾತು ಸಿಗುತ್ತದೆ. ಕಂಪ್ಯೂಟರ್ ಚಿಪ್ಪಿನಲ್ಲೂ ಸೌರಫಲಕದಲ್ಲೂ ಇರುವುದು ಈ ಧಾತುವೇ, ಇನ್ನಷ್ಟು ಶುದ್ಧ ಮಾಡಿದ್ದು. ಸಿಲಿಕೋನ್‌ನ ದಾರಿ ಇಲ್ಲಿಂದ ಬೇರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ದಶಕಗಳ ಕಾಲ ಈ ಸಂಯುಕ್ತಗಳ ಮೇಲೆ ದುಡಿದರು. ಅವರ ಗಾಜಿನ ಪಾತ್ರೆಗಳಲ್ಲಿ ಉಳಿಯುತ್ತಿದ್ದ ಅಂಟು ಪದಾರ್ಥದಿಂದ ಏನಾದರೂ ಉಪಯೋಗವಾದೀತು ಎಂಬ ಭರವಸೆ ಅವರಿಗಿರಲಿಲ್ಲ. 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯೂಜೀನ್ ರೋಚೋ ಸಿಲಿಕಾನ್ ಪುಡಿಗೆ ತಾಮ್ರ ಬೆರೆಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಮೇಲೆ ಮೀಥೈಲ್ ಕ್ಲೋರೈಡ್ ಅನಿಲ ಹಾಯಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯ ರಿಚರ್ಡ್ ಮುಲ್ಲರ್ ಕೂಡ ತಮ್ಮದೇ ಪ್ರಯತ್ನದಲ್ಲಿ ಇದೇ ವಿಧಾನ ತಲುಪಿದ್ದರು. ಇಂದಿಗೂ ಕಾರ್ಖಾನೆಗಳು ನಡೆಯುವುದು ಈ ದಾರಿಯಲ್ಲೇ.

ಹೀಗೆ ಬಂದ ದ್ರವ ನೀರಿನೊಂದಿಗೆ ವರ್ತಿಸಿದಾಗ ಸಿಲಿಕಾನ್, ಆಮ್ಲಜನಕ, ಮತ್ತೆ ಸಿಲಿಕಾನ್ ಎಂದು ಉದ್ದನೆಯ ಸರಪಳಿ ಬೆಳೆಯುತ್ತದೆ. ಪ್ರತಿ ಸಿಲಿಕಾನ್‌ಗೂ ಎರಡು ಮೀಥೈಲ್ ಗುಂಪುಗಳು ಅಂಟಿಕೊಂಡಿರುತ್ತವೆ. ಬೆನ್ನೆಲುಬು ಕಲ್ಲಿನದು, ಮೈ ಎಣ್ಣೆಯದು. ಸಿಲಿಕೋನ್‌ನ ಗುಣಗಳೆಲ್ಲ ಈ ಜೋಡಣೆಯಿಂದಲೇ ಬಂದವು, ಮತ್ತು ಇಂಥ ಸರಪಳಿಯನ್ನು ಪ್ರಕೃತಿ ತಾನಾಗಿ ಕಟ್ಟುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಬೆನ್ನೆಲುಬು ಇಂಗಾಲದ್ದು. ಸಿಲಿಕಾನ್-ಆಮ್ಲಜನಕದ ಬಂಧ ಇಂಗಾಲ-ಇಂಗಾಲದ ಬಂಧಕ್ಕಿಂತ ಗಟ್ಟಿ, ಆದ್ದರಿಂದ ಶಾಖಕ್ಕೆ ಬೇಗ ಮುರಿಯುವುದಿಲ್ಲ. ಸರಪಳಿ ಸಲೀಸಾಗಿ ತಿರುಗುತ್ತದೆ, ಆದ್ದರಿಂದ ಕೊರೆಯುವ ಚಳಿಯಲ್ಲೂ ಮೆತ್ತಗೇ ಇರುತ್ತದೆ. 1969ರಲ್ಲಿ ಚಂದ್ರನ ಮೇಲೆ ಹೆಜ್ಜೆ ಮೂಡಿಸಿದ ಬೂಟಿನ ಅಟ್ಟೆ ಸಿಲಿಕೋನ್ ರಬ್ಬರಿನದಾಗಿದ್ದುದು ಇದೇ ಕಾರಣಕ್ಕೆ.

“ಬಿಸಿಗೂ ಜಗ್ಗದು, ನೀರೂ ಇಳಿಯದು, ಅಂದಮೇಲೆ ಏನೂ ಆಗದು”

ಸಾಮಾನ್ಯ ಸಿಲಿಕೋನ್ ರಬ್ಬರ್ ಸೊನ್ನೆಗಿಂತ 50 ಡಿಗ್ರಿ ಕೆಳಗಿನಿಂದ ಸುಮಾರು 200 ಡಿಗ್ರಿಯವರೆಗೆ ತಾಳುತ್ತದೆ. ಕುಕ್ಕರ್ ಒಳಗಿನ ಸುಮಾರು 120 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಒಲೆಯ ಉರಿ ಬೇರೆ ಮಾತು. ನೇರ ಬೆಂಕಿಗೆ ಹಿಡಿದರೆ ಸಿಲಿಕೋನ್ ಉರಿದು ಬಿಳಿ ಬೂದಿಯಾಗುತ್ತದೆ. ಹರಿತಕ್ಕೂ ಅದು ಸೋಲುತ್ತದೆ: ಚಾಕುವಿನಿಂದ ಒಂದು ಗೀರು ಬಿದ್ದರೆ ಸಾಕು, ಅಲ್ಲಿಂದ ಸರ್ರನೆ ಹರಿಯುತ್ತದೆ.

ನೀರು ಇಳಿಯದ ವಸ್ತುವಿನೊಳಗೆ ಇನ್ನೇನೂ ಹೋಗದು ಎಂಬುದು ಇನ್ನೂ ದೊಡ್ಡ ತಪ್ಪು. ಸಹಜ ರಬ್ಬರಿನಲ್ಲಿ ನುಸುಳುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಆಮ್ಲಜನಕ ಸಿಲಿಕೋನ್ ಮೂಲಕ ನುಸುಳುತ್ತದೆ. ಕಣ್ಣಿಗೆ ಗಾಳಿ ಮುಟ್ಟಿಸುವ ಇಂದಿನ ಕಾಂಟ್ಯಾಕ್ಟ್ ಲೆನ್ಸ್‌ಗಳಲ್ಲಿ ಸಿಲಿಕೋನ್ ಇರುವುದು ಇದಕ್ಕಾಗಿಯೇ. ಅದೇ ಗುಣ ಅಡುಗೆಮನೆಯಲ್ಲಿ ಬೇರೆ ಮುಖ ತೋರಿಸುತ್ತದೆ. ಕುಕ್ಕರಿನ ಬಿಳಿ ಗ್ಯಾಸ್ಕೆಟ್ಟನ್ನು ಎಷ್ಟು ತಿಕ್ಕಿದರೂ ಸಾರಿನ ಒಗ್ಗರಣೆ ವಾಸನೆ ಹೋಗುವುದಿಲ್ಲ, ಏಕೆಂದರೆ ಎಣ್ಣೆಯಲ್ಲಿ ಕರಗುವ ಇಂಗು, ಮಸಾಲೆಗಳ ಘಮಲು ರಬ್ಬರಿನೊಳಗೇ ಸೇರಿರುತ್ತದೆ. ಗ್ಯಾಸ್ಕೆಟ್ ಕೆಟ್ಟಿದೆ ಎಂದು ಇದರಿಂದ ಹೇಳಲಾಗದು. ಬಿರುಕು ಬಿಟ್ಟಿದ್ದರೆ, ಸಡಿಲವಾಗಿದ್ದರೆ ಬದಲಿಸಬೇಕು. ಅಂದಹಾಗೆ, ಕುಕ್ಕರಿನ ಕಪ್ಪು ಗ್ಯಾಸ್ಕೆಟ್‌ಗಳು ಬಹುತೇಕ ಬೇರೆ ಜಾತಿಯ ರಬ್ಬರಿನವು.

ಕೇಕ್ ಬೇಯಿಸುವ ಸಿಲಿಕೋನ್ ಅಚ್ಚನ್ನು ತಿರುಚಿದಾಗ ಬೆಳ್ಳಗಾದರೆ ಅದು ಕಲಬೆರಕೆ ಎಂಬ ಪರೀಕ್ಷೆಯೊಂದು ಎಲ್ಲೆಡೆ ಹಬ್ಬಿದೆ. ಇದನ್ನು ನಂಬಿ ತೀರ್ಮಾನಿಸಬೇಡಿ. ಸಿಲಿಕೋನ್ ರಬ್ಬರಿಗೆ ಬಲ ಬರುವುದೇ ಅದಕ್ಕೆ ಬೆರೆಸುವ ನುಣ್ಣನೆಯ ಸಿಲಿಕಾ ಪುಡಿಯಿಂದ, ಅದೂ ಬಣ್ಣದ ಪುಡಿಯೂ ಬೆಳ್ಳಗಾಗುವುದಕ್ಕೆ ಕಾರಣವಾಗಬಹುದು. ಕಣ್ಣಿಗೆ ಕಾಣದ ಒಂದು ಸಂಗತಿ ಇದಕ್ಕಿಂತ ಮುಖ್ಯ. ಕಾರ್ಖಾನೆಯಲ್ಲಿ ಎರಕ ಹೊಯ್ದು ತೆಗೆದ ಸರಕಿನಲ್ಲಿ ಸರಪಳಿಗೆ ಸೇರದ ಸಣ್ಣ ಅಣುಗಳು ಉಳಿದಿರುತ್ತವೆ. ಒಳ್ಳೆಯ ತಯಾರಕರು ಸರಕನ್ನು ಮತ್ತೆ ಗಂಟೆಗಟ್ಟಲೆ ಕಾಯಿಸಿ ಅವನ್ನು ಓಡಿಸುತ್ತಾರೆ. ಜರ್ಮನಿಯ ಶಿಫಾರಸಿನಂತೆ, 200 ಡಿಗ್ರಿಯಲ್ಲಿ 4 ಗಂಟೆ ಕಾಯಿಸಿದಾಗ ಶೇ. 0.5ಕ್ಕಿಂತ ಹೆಚ್ಚು ಆವಿ ಹೋಗಬಾರದು. ಅಗ್ಗದ ಸರಕು ಈ ಹಂತ ತಪ್ಪಿಸಿಕೊಂಡು ಬಂದಿದ್ದರೆ ಆ ಅಣುಗಳು ಸೇರುವುದು ಬಿಸಿಯಾದ, ಜಿಡ್ಡಿನ ತಿನಿಸಿಗೆ. ತಾಪಮಾನದ ಮಿತಿ, ಆಹಾರ ದರ್ಜೆಯ ಗುರುತು ಇಲ್ಲದ ಅಚ್ಚನ್ನು ಕೊಳ್ಳದಿರುವುದೇ ಲೇಸು.

“ಕರಿಯುವ ಎಣ್ಣೆಗೆ ಸಿಲಿಕೋನ್ ಹಾಕಿ ವಿಷ ಉಣ್ಣಿಸುತ್ತಾರೆ”

ಹಾಕುವುದು ನಿಜ. ನೊರೆ ಉಕ್ಕಿ ಕೆಲಸಗಾರರ ಮೈ ಸುಡದಿರಲಿ ಎಂದು ದೊಡ್ಡ ಪ್ರಮಾಣದಲ್ಲಿ ಕರಿಯುವ ಎಣ್ಣೆಗೆ ಡೈಮೀಥೈಲ್ ಪಾಲಿಸಿಲೋಕ್ಸೇನ್ ಎಂಬ ಸಿಲಿಕೋನ್ ಸೇರಿಸುತ್ತಾರೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋ ಎಣ್ಣೆಗೆ 10 ಮಿಲಿಗ್ರಾಂ. ಹೊಟ್ಟೆಯುಬ್ಬರಕ್ಕೆ ಕುಡಿಯುವ ಔಷಧಿಯಲ್ಲಿರುವ ಸಿಮೆಥಿಕೋನ್ ಕೂಡ ಈ ಅಣುವೇ, ಸಿಲಿಕಾ ಬೆರೆತದ್ದು. ಅದು ರಕ್ತಕ್ಕೆ ಸೇರದೆ ಹೊಟ್ಟೆಯ ಗುಳ್ಳೆಗಳನ್ನು ಒಡೆದು ಮಲದೊಡನೆ ಹೊರಹೋಗುತ್ತದೆ. ಕರಿದ ತಿಂಡಿ ಬೇಡ ಎನ್ನುವುದಕ್ಕೆ ಬೇರೆ ಒಳ್ಳೆಯ ಕಾರಣಗಳಿವೆ.

“ಶಾಂಪೂವಿನ ಸಿಲಿಕೋನ್ ಕೂದಲಿನ ಉಸಿರು ಕಟ್ಟಿಸುತ್ತದೆ”

ಕೂದಲಿನ ಎಳೆಗೆ ಜೀವವೂ ಇಲ್ಲ, ಉಸಿರೂ ಇಲ್ಲ. ಡೈಮೆಥಿಕೋನ್ ಎಂಬ ಸಿಲಿಕೋನ್ ಎಳೆಯ ಮೇಲೆ ತೆಳುವಾಗಿ ಹರಡಿ ಸಿಕ್ಕಾಗದಂತೆ ನೋಡಿಕೊಳ್ಳುತ್ತದೆ. ನೀರಿನಲ್ಲಿ ಕರಗದ ಬಗೆಯದು ಪದರವಾಗಿ ಕೂತು ಕೂದಲು ಭಾರವೆನಿಸಬಹುದು, ಅದನ್ನು ತೊಳೆದು ತೆಗೆಯಬಹುದು. ಚಿಂತಿಸಬೇಕಾದದ್ದು ತಲೆ ತೊಳೆದ ನೀರಿನ ಬಗ್ಗೆ. ಡಿ4, ಡಿ5 ಎಂಬ ಉಂಗುರಾಕಾರದ ಸಣ್ಣ ಸಿಲೋಕ್ಸೇನ್‌ಗಳು ನೀರು ಸೇರಿದರೆ ಬೇಗ ಒಡೆದು ನಾಶವಾಗುವುದಿಲ್ಲ. ಆದ್ದರಿಂದ ಯುರೋಪಿನ ಒಕ್ಕೂಟ 2020ರಿಂದ ತೊಳೆದುಹೋಗುವ ಸೌಂದರ್ಯ ಸಾಧನಗಳಲ್ಲಿ ಅವನ್ನು ಶೇ. 0.1ರ ಕೆಳಗಿರಿಸಿತು.

“ದೇಹದೊಳಗಿನ ಸಿಲಿಕೋನ್ ಎಂದರೆ ಅಪಾಯ”

ಇಂಜೆಕ್ಷನ್ ಸಿರಿಂಜಿನ ಒಳಗೋಡೆಗೆ ಸಿಲಿಕೋನ್ ಎಣ್ಣೆಯ ತೆಳು ಲೇಪವಿರುತ್ತದೆ. ಕಣ್ಣಿನ ರೆಟಿನಾ ಕಳಚಿದಾಗ ಅದನ್ನು ಒತ್ತಿ ಹಿಡಿಯಲು ವೈದ್ಯರು ಸಿಲಿಕೋನ್ ಎಣ್ಣೆ ತುಂಬುತ್ತಾರೆ, ಸಾಮಾನ್ಯವಾಗಿ ಕೆಲವು ತಿಂಗಳ ನಂತರ ತೆಗೆಯುತ್ತಾರೆ. ಭಯ ಹುಟ್ಟಿದ್ದು ಸ್ತನ ಇಂಪ್ಲಾಂಟ್‌ಗಳಿಂದ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಶುರುವಾದ ಈ ಶಸ್ತ್ರಚಿಕಿತ್ಸೆಗೆ ಅಲ್ಲಿನ ಔಷಧ ನಿಯಂತ್ರಕರು 1992ರಲ್ಲಿ ಬಹುಮಟ್ಟಿಗೆ ತಡೆ ಹಾಕಿದರು. ಇಡೀ ದೇಹದ ಕಾಯಿಲೆಗಳಿಗೂ ಇಂಪ್ಲಾಂಟ್‌ಗೂ ನಂಟಿದೆ ಎನ್ನಲು ಪುರಾವೆಯಿಲ್ಲ ಎಂದು 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಕೊಟ್ಟಿತು. ಒಡೆಯುವುದು, ಸುತ್ತಲ ಅಂಗಾಂಶ ಬಿಗಿಯುವುದು ಮುಂತಾದ ಸ್ಥಳೀಯ ತೊಂದರೆಗಳು ನಿಜವೆಂದೂ ಹೇಳಿತು. 2006ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳಿಗೂ ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿಗೂ ಇರುವ ಸಂಬಂಧ ಆಮೇಲೆ ಖಚಿತವಾಯಿತು. ದರ್ಜೆ ಎಂಬುದು ಬರೀ ಮುದ್ರೆಯಲ್ಲ ಎನ್ನುವುದಕ್ಕೆ ಫ್ರಾನ್ಸಿನ ಪಿಐಪಿ ಎಂಬ ಇಂಪ್ಲಾಂಟ್ ಕಂಪನಿಯ ಪ್ರಕರಣವೇ ಸಾಕ್ಷಿ: ಆ ಕಂಪನಿ ವೈದ್ಯಕೀಯ ದರ್ಜೆಯ ಬದಲು ಕೈಗಾರಿಕಾ ಸಿಲಿಕೋನ್ ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಹೆಸರು ಒಂದೇ ಇದ್ದ ಎರಡು ಸರಕುಗಳ ಅಂತರಕ್ಕೆ ಸಾವಿರಾರು ಹೆಂಗಸರು ಬೆಲೆ ತೆತ್ತರು.

“ಮೆದು ರಬ್ಬರ್, ಪಿಂಗಾಣಿಯ ಜಾಗಕ್ಕೆ ಸಲ್ಲದು”

ವಿದ್ಯುತ್ ಗೋಪುರಗಳ ಪಿಂಗಾಣಿ ಇನ್ಸುಲೇಟರ್ ಇದ್ದಲ್ಲಿ ಈಗ ಬೂದು ಬಣ್ಣದ ಸಿಲಿಕೋನ್ ರಬ್ಬರಿನವು ಬರುತ್ತಿವೆ. ಸಮುದ್ರದ ಉಪ್ಪು, ಸಿಮೆಂಟ್ ಧೂಳು ಕೂತ ಪಿಂಗಾಣಿಯ ಮೇಲೆ ಇಬ್ಬನಿ ಬಿದ್ದರೆ ನೀರು ಒಂದೇ ಹಾಳೆಯಾಗಿ ಹರಡಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಸಿಲಿಕೋನ್ ಮೇಲೆ ನೀರು ಹನಿಹನಿಯಾಗಿಯೇ ಉಳಿಯುತ್ತದೆ. ನನಗೆ ಇದರಲ್ಲಿ ಅತ್ಯಂತ ಬೆರಗಿನದೆನಿಸುವ ಸಂಗತಿ ಮುಂದಿನದು: ರಬ್ಬರಿನೊಳಗಿನ ಸಣ್ಣ ಅಣುಗಳು ಮೆಲ್ಲನೆ ಮೇಲೇರಿ ಕೂತ ಕೊಳೆಯನ್ನೂ ಆವರಿಸುತ್ತವೆ, ಆಗ ಕೊಳೆಯೇ ನೀರನ್ನು ದೂರವಿಡುತ್ತದೆ. ಸತತ ಮಳೆಯಲ್ಲಿ ಈ ಗುಣ ಕುಂದಿದರೂ ಒಣಗಿದ ಮೇಲೆ ಮರಳುತ್ತದೆ. ಅಚ್ಚಿನಲ್ಲಿ ಬೇಡವೆಂದು ಓಡಿಸುವ ಅಣುಗಳೇ ಇಲ್ಲಿ ಬೇಕಾದವು.

“ಗಮ್ ಎಷ್ಟು ಹಾಕಿದರೆ ಅಷ್ಟು ಅಂಟುತ್ತದೆ”

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರಲ್ಲಿ ಈ ನಂಬಿಕೆ ಗಟ್ಟಿಯಾಗಿದೆ. ರಾಳ-ಸೋಡಾದ ಹಳೆಯ ಗಮ್ ನಿಜಕ್ಕೂ ಅಂಟು, ಮಳೆಗೆ ಔಷಧಿ ಕೊಚ್ಚಿಹೋಗದಂತೆ ಹಿಡಿಯುತ್ತದೆ. ಸಿಲಿಕೋನ್ ಆಧಾರಿತ ಗಮ್‌ನ ಮುಖ್ಯ ಕೆಲಸ ಹರಡುವುದು. ಅದು ನೀರಿನ ಮೇಲ್ಮೈ ಎಳೆತವನ್ನು ಮೂರನೇ ಒಂದು ಭಾಗಕ್ಕೂ ಕೆಳಗಿಳಿಸುತ್ತದೆ, ಹನಿ ಕಾಯಿಯ ಮೇಲೆ ತೆಳು ಪದರವಾಗುತ್ತದೆ. ಪ್ರಮಾಣ ಮೀರಿದರೆ ಔಷಧಿ ಗೊನೆಯಿಂದ ಜಾರಿ ನೆಲ ಸೇರುತ್ತದೆ. ಹುಳಿ ಅಥವಾ ಕ್ಷಾರ ಹೆಚ್ಚಿದ ದ್ರಾವಣದಲ್ಲಿ ಈ ಅಣುಗಳು ಬೇಗ ಒಡೆಯುತ್ತವೆ, ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದಲ್ಲಿ ಸುಣ್ಣ ಹೆಚ್ಚಾದಾಗ ಇದು ನೆನಪಿರಬೇಕು. ಇಂಥ ಸಿಲಿಕೋನ್ ಹರಡುಕಗಳು ಜೇನ್ನೊಣದ ಕಲಿಕೆಯ ಶಕ್ತಿಯನ್ನು ಕುಂದಿಸುತ್ತವೆ ಎಂದು ಅಮೆರಿಕದ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಬೆಳೆಗಾರರಲ್ಲಿ ನನ್ನ ಕೋರಿಕೆ ಇಷ್ಟು: ಡಬ್ಬಿಯ ಮೇಲಿನ ಅಳತೆಯನ್ನು ಮೀರಬೇಡಿ, ಗಮ್ ಕಲಸಿದ ದ್ರಾವಣವನ್ನು ಮರುದಿನಕ್ಕೆ ಇಡಬೇಡಿ, ಜೇನ್ನೊಣ ಹೂವಿಗೆ ಬರುವ ಹೊತ್ತಿನಲ್ಲಿ ಸಿಂಪಡಿಸಬೇಡಿ.