ಸಮಾಜಕಾರ್ಯದಲ್ಲಿ ಗೋಪ್ಯತೆ ಮತ್ತು ಅದರ ಎಲ್ಲೆ: ಅಣಶಿ ಪರಿಸರದ ಹಿನ್ನೆಲೆಯಲ್ಲಿ

ಸೇವಾರ್ಥಿಯು ನಂಬಿ ಹೇಳಿದ ಮಾತನ್ನು ಕಾಯುವ ಹೊಣೆಯು ಸಮಾಜಕಾರ್ಯ ವೃತ್ತಿಯ ಮೂಲತತ್ವಗಳಲ್ಲೊಂದು. ಅಮೆರಿಕದ ಫೆಲಿಕ್ಸ್ ಬೀಸ್ಟೆಕ್ ಅವರು 1957ರಲ್ಲಿ ವ್ಯಕ್ತಿಗತ ಸಮಾಜಕಾರ್ಯದ ಏಳು ತತ್ವಗಳನ್ನು ನಿರೂಪಿಸಿದಾಗ ಗೋಪ್ಯತೆಯನ್ನು ಅವುಗಳಲ್ಲಿ ಸೇರಿಸಿದರಲ್ಲದೆ, ಅದು ನಿರಪೇಕ್ಷವಾದ ಹಕ್ಕಲ್ಲವೆಂಬುದನ್ನೂ ಸ್ಪಷ್ಟಪಡಿಸಿದರು. ಈ ತತ್ವವನ್ನು ಬೋಧಿಸುವವರು ಸಾಮಾನ್ಯವಾಗಿ ಕಚೇರಿಯ ಮುಚ್ಚಿದ ಕೋಣೆಯನ್ನು ಕಣ್ಣೆದುರಿಗೆ ಇಟ್ಟುಕೊಂಡಿರುತ್ತಾರೆ. ಕೋಣೆಯೇ ಇಲ್ಲದೆಡೆ ಅದರ ಗತಿಯೇನು?

ಕಾರವಾರದಿಂದ ಕದ್ರಾ ಮಾರ್ಗವಾಗಿ ಘಟ್ಟವನ್ನೇರಿ ಜೋಯಿಡಾಕ್ಕೆ ಸಾಗುವ ದಾರಿಯಲ್ಲಿ ಅಣಶಿ ಇದೆ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇಲ್ಲಿನ ಅರಣ್ಯವು 2007ರಲ್ಲಿ ದಾಂಡೇಲಿ ಅಭಯಾರಣ್ಯದೊಡನೆ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು. ಕುಣಬಿ ಜನರ ವಸತಿಗಳು ಕಾಡಿನ ನಡುವೆ ಚದುರಿರುವ ಸಣ್ಣ ಸಣ್ಣ ಮಜರೆಗಳು. ಇಂಥಲ್ಲಿ ವರದಿಯಿಂದ ಹೆಸರನ್ನು ಅಳಿಸಿದ ಮಾತ್ರಕ್ಕೆ ಗುಟ್ಟು ಉಳಿಯದು. 'ಎರಡು ಮಕ್ಕಳ ವಿಧವೆ. ಗಂಡ ಗೋವೆಯಲ್ಲಿ ದುಡಿಯುತ್ತಿದ್ದ' ಎಂದು ಬರೆದರೆ ಸಾಕು, ಯಾವ ಮನೆಯೆಂದು ಸುತ್ತಿನವರೆಲ್ಲ ಬಲ್ಲರು. ಕಾರ್ಯಕರ್ತೆ ಯಾರ ಅಂಗಳದಲ್ಲಿ ಕುಳಿತಳು, ಯಾರು ಬಸ್ಸು ಹಿಡಿದು ಪರೀಕ್ಷೆಗೆ ಹೋದರು ಎಂಬುದೇ ಅರ್ಧ ಸುದ್ದಿಯಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಭಾಷೆಯದು. ಕುಣಬಿಗಳ ಮನೆಮಾತು ಕೊಂಕಣಿ. ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಯರಲ್ಲಿ ಅನೇಕರದು ಕೊಂಕಣಿಯದೇ ಒಂದು ಪ್ರಭೇದ. ಬಯಲುಸೀಮೆಯಿಂದ ಬಂದ ಕಾರ್ಯಕರ್ತೆಗೆ ದುಭಾಷಿ ಅನಿವಾರ್ಯ. ಆ ದುಭಾಷಿ ಬಹುತೇಕ ನೆರೆಮನೆಯವಳೋ, ನಾದಿನಿಯೋ, ಆಶಾ ಕಾರ್ಯಕರ್ತೆಯೋ ಆಗಿರುತ್ತಾಳೆ. ಗೋಪ್ಯತೆಯ ಪ್ರತಿಜ್ಞೆ ಮಾಡಿದವಳು ಒಬ್ಬಳು, ಕೇಳಿಸಿಕೊಂಡವರು ಇಬ್ಬರು! ದುಭಾಷಿಯ ಆಯ್ಕೆ ಸೇವಾರ್ಥಿಯದೇ ಆಗಿರಬೇಕೆಂಬುದು ನನ್ನ ಅಭಿಪ್ರಾಯ. ಸಂಸ್ಥೆಯ ಅನುಕೂಲವು ಇಲ್ಲಿ ಮುಖ್ಯವಲ್ಲ.

ಇನ್ನು ಎಲ್ಲೆಗಳ ವಿಚಾರ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಯಲುಮಾಡುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯವಿದ್ದು, ತಿಳಿಹೇಳಿದರೂ ಸೋಂಕಿತ ವ್ಯಕ್ತಿ ಸ್ವತಃ ತಿಳಿಸಲಾರನೆಂದು ಮನಗಂಡಾಗ, ಆತನಿಗೆ ಮುನ್ಸೂಚನೆ ಕೊಟ್ಟು ವೈದ್ಯರು ಅಥವಾ ಆಪ್ತಸಮಾಲೋಚಕರು ಆ ಸಂಗಾತಿಗೆ ತಿಳಿಸಬಹುದು. ಆದರೆ ಸೋಂಕಿತಳು ಹೆಣ್ಣಾಗಿದ್ದು, ತಿಳಿಸಿದರೆ ಹೊಡೆತಕ್ಕೋ ಪರಿತ್ಯಾಗಕ್ಕೋ ಗುರಿಯಾಗುವಳೆಂಬ ಸಕಾರಣ ಭಯವಿದ್ದಲ್ಲಿ ತಿಳಿಸತಕ್ಕದ್ದಲ್ಲ. ಗಂಡನ ಮನೆಯನ್ನು ಬಿಟ್ಟರೆ ಬೇರೆ ಆಸರೆಯಿಲ್ಲದ ಹೆಣ್ಣುಮಗಳಿಗೆ ಈ ಒಂದು ವಾಕ್ಯದ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ಕಾನೂನು ಇಂಥ ವಿವೇಚನೆಗೆ ಅವಕಾಶವೀಯದು. 2012ರ ಪೋಕ್ಸೊ ಅಧಿನಿಯಮದ 19ನೆಯ ಕಲಮಿನಂತೆ, ಹದಿನೆಂಟು ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದ ಯಾವ ವ್ಯಕ್ತಿಯೂ ಪೊಲೀಸರಿಗೆ ತಿಳಿಸಲೇಬೇಕು. ತಪ್ಪಿದರೆ ಆರು ತಿಂಗಳವರೆಗಿನ ಸೆರೆ, ಅಥವಾ ದಂಡ, ಇಲ್ಲವೆ ಎರಡೂ. ಆದ್ದರಿಂದ 'ಹೇಳು ತಂಗಿ, ಯಾರಿಗೂ ಹೇಳುವುದಿಲ್ಲ' ಎಂಬ ಸಲಿಗೆಯ ಮಾತು ಪಾಲಿಸಲಾಗದ ಭಾಷೆ. ಹುಡುಗಿ ಬಾಯಿಬಿಟ್ಟ ಮೇಲೆ ಕಾನೂನನ್ನು ನೆನಪಿಸಿದರೆ ಆಕೆಗೆ ಅದು ದ್ರೋಹವಾಗಿಯೇ ಕಾಣುತ್ತದೆ. ಯಾವುದನ್ನು ಕಾಯಬಲ್ಲೆ, ಯಾವುದನ್ನು ಕಾಯಲಾರೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ, ಆಕೆಯ ಮನೆಮಾತಿನಲ್ಲಿ, ತಿಳಿಸತಕ್ಕದ್ದು. ಹಾಗೆ ತಿಳಿಸಿದರೆ ಕೆಲವರು ಬಾಯಿಬಿಡದೆ ಎದ್ದುಹೋಗಬಹುದೆಂಬ ಆಕ್ಷೇಪ ನಿಜವೇ. ಆದರೂ ಏನನ್ನು ಹೇಳಬೇಕೆಂಬ ನಿರ್ಧಾರ ಆಕೆಯ ಕೈಯಲ್ಲಿ ಉಳಿಯುತ್ತದೆ.

ನ್ಯಾಯಾಲಯದಲ್ಲಿಯೂ ಕಾರ್ಯಕರ್ತೆಗೆ ರಕ್ಷಣೆ ಕಡಿಮೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ವಕೀಲ ಮತ್ತು ಕಕ್ಷಿದಾರರ ನಡುವಣ ಮಾತಿಗೆ ಕೊಡುವ ಕಾಪನ್ನು ಸಮಾಜಕಾರ್ಯಕ್ಕೆ ಕೊಟ್ಟಿಲ್ಲ. ಅಪ್ರಾಪ್ತೆಯರ ಗರ್ಭಪಾತದ ಸಂದರ್ಭದಲ್ಲಿ, ಹುಡುಗಿ ಮತ್ತು ಪಾಲಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಆಕೆಯ ಗುರುತನ್ನು ತಿಳಿಸಬೇಕಾಗಿಲ್ಲವೆಂದು 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಆ ಮಾತು ನೋಂದಾಯಿತ ವೈದ್ಯರನ್ನು ಕುರಿತದ್ದು. ಹುಡುಗಿಯನ್ನು ಕಾಡುದಾರಿಯಲ್ಲಿ ನಡೆಸಿಕೊಂಡು ಆ ವೈದ್ಯರಲ್ಲಿಗೆ ತಲುಪಿಸಿದ ಕಾರ್ಯಕರ್ತೆಯ ಪ್ರಸ್ತಾಪ ಅಲ್ಲಿಲ್ಲ.