ಕಟ್ಟುವ ಪಾಕ, ಕಟ್ಟುವ ಹಣ್ಣು

ಬೆಳಗಾವಿ ಜಿಲ್ಲೆಯ ಗೋಕಾಕದ ಹೆಸರೆತ್ತಿದೊಡನೆ ಘಟಪ್ರಭೆಯ ಜಲಪಾತವು ಎಷ್ಟು ಶೀಘ್ರವಾಗಿ ಕಣ್ಣೆದುರಿಗೆ ಬರುವುದೋ ಅಷ್ಟೇ ಶೀಘ್ರವಾಗಿ ಅಲ್ಲಿಯ ಕರದಂಟೂ ನೆನಪಾಗುವುದು; ಬಾಗಲಕೋಟೆ ಜಿಲ್ಲೆಯ ಅಮೀನಗಡದ ಕೀರ್ತಿಯೂ ಈ ತಿನಿಸಿನಿಂದಲೇ ನಾಡಿನಲ್ಲೆಲ್ಲ ಹಬ್ಬಿದ್ದು, ಐಹೊಳೆಯ ಗುಡಿಗಳನ್ನು ನೋಡಲು ಹೋದವರು ಮರಳುವಾಗ ಅಲ್ಲಿ ಇಳಿದು ಒಂದೆರಡು ಪೊಟ್ಟಣಗಳನ್ನು ಕೊಳ್ಳದೆ ಮುಂದೆ ಸಾಗುವುದು ವಿರಳ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಒಣದ್ರಾಕ್ಷಿ, ಗಸಗಸೆ ಇವೆಲ್ಲ ಬೆಲ್ಲದ ಪಾಕದಲ್ಲಿ ಒಂದುಗೂಡಿ ತುಂಡುಗಳಾಗುವ ಈ ಭಕ್ಷ್ಯವನ್ನು, ಇಂದು ನಗರದ ಅಂಗಡಿಗಳಲ್ಲಿ ಹೊಳೆಯುವ ಹೊದಿಕೆಯೊಳಗೆ ಮಾರಾಟಕ್ಕಿರುವ ‘ಎನರ್ಜಿ ಬಾರ್’ಗಳ ಪಕ್ಕದಲ್ಲಿಟ್ಟು ನೋಡಿದರೆ, ಎರಡರ ಉದ್ದೇಶವೂ ಒಂದೇ ಎಂಬುದು ಸ್ಪಷ್ಟವಾಗುವುದು: ಒಣಗಿದ ಹಣ್ಣನ್ನೂ ಎಣ್ಣೆಯ ಅಂಶವುಳ್ಳ ಬೀಜವನ್ನೂ ಕೂಡಿಸಿ, ಹಲವು ದಿನ ಕೆಡದೆ ಉಳಿಯುವ, ಅಲ್ಪ ಗಾತ್ರದಲ್ಲಿ ಬಹಳ ಪುಷ್ಟಿಯನ್ನು ಕೊಡುವ ತುಂಡನ್ನಾಗಿ ಮಾಡುವುದು.

ಉದ್ದೇಶ ಒಂದೇ ಆದರೂ ಪದಾರ್ಥದಲ್ಲಿ ಅಂತರವುಂಟು. ಪೊಟ್ಟಣದ ಮೇಲೆ ಅಚ್ಚಾಗಿರುವ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಕೊಡತಕ್ಕದ್ದೆಂದು ನಮ್ಮ ದೇಶದ ಆಹಾರ ನಿಯಮವಿದೆಯಾದ್ದರಿಂದ, ಮೊದಲ ಎರಡು ಮೂರು ಹೆಸರುಗಳನ್ನು ಓದಿದರೆ ಸಾಕು, ಒಳಗಿನ ಸ್ವರೂಪ ತಿಳಿದುಹೋಗುವುದು. ಅಲ್ಲಿ ಸಕ್ಕರೆಯೋ ಗ್ಲೂಕೋಸ್ ಸಿರಪ್ಪೋ ಮುಂದಿದ್ದು, ಬಾದಾಮಿ ಒಣದ್ರಾಕ್ಷಿಗಳು ಪಟ್ಟಿಯ ಕೊನೆಯಲ್ಲಿದ್ದರೆ, ನಾವು ಕೊಳ್ಳುತ್ತಿರುವುದು ಹಣ್ಣುಬೀಜಗಳಿಂದ ಅಲಂಕೃತವಾದ ಸಕ್ಕರೆಯನ್ನು. ಎಲ್ಲ ಬಾರುಗಳೂ ಹಾಗೆಯೇ ಎಂದಲ್ಲ. ಒಳ್ಳೆಯವೂ ಇವೆ, ಆದರೆ ಅವುಗಳ ಬೆಲೆ ಸಾಮಾನ್ಯ ಸಂಸಾರಕ್ಕೆ ಭಾರವಾದದ್ದು. ಮನೆಯಲ್ಲಿ ಮಾಡಿಕೊಳ್ಳುವುದರ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ: ಯಾವುದನ್ನು ಎಷ್ಟು ಹಾಕಬೇಕೆಂಬ ನಿರ್ಣಯವು ತಿನ್ನುವವರ ಹಿತವನ್ನು ಬಲ್ಲವರ ಕೈಯಲ್ಲಿರುತ್ತದೆ.

ಇಂಥ ತುಂಡುಗಳ ತಯಾರಿಕೆಯಲ್ಲಿ ಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಹಣ್ಣು ಬೀಜಗಳಿಗಿಂತ ಅವನ್ನು ಕಟ್ಟುವ ವಸ್ತುವೇ ಹೆಚ್ಚು ನಿರ್ಣಾಯಕವಾದದ್ದು ಎಂಬುದು. ಬೀಜಗಳು ತಮ್ಮಷ್ಟಕ್ಕೆ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಅವನ್ನು ಹಿಡಿದಿಡುವುದಕ್ಕೆ ಒಂದೋ ಕಾಸಿದ ಬೆಲ್ಲದ ಪಾಕ ಬೇಕು, ಇಲ್ಲವೇ ಸ್ವಭಾವತಃ ಅಂಟುಳ್ಳ ಹಣ್ಣಿನ ತಿರುಳು ಬೇಕು. ತುಂಡು ಗರಿಗರಿಯಾಗಿರುವುದೋ ಮೆತ್ತಗಾಗುವುದೋ, ತಿಂಗಳು ಬಾಳುವುದೋ ವಾರದಲ್ಲಿ ಮುಗಿಸಬೇಕಾಗುವುದೋ, ಸಿಹಿ ಮಿತವೋ ಅತಿಯೋ ಎಂಬೆಲ್ಲ ಪ್ರಶ್ನೆಗಳಿಗೆ ಉತ್ತರವು ಈ ಒಂದು ಆಯ್ಕೆಯಲ್ಲಿಯೇ ಅಡಗಿದೆ.

ಪಾಕದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಕುದಿಸತೊಡಗಿದರೆ ನೀರು ಆವಿಯಾಗುತ್ತ ಸಕ್ಕರೆಯ ಅಂಶವು ಸಾಂದ್ರವಾಗುತ್ತ ಹೋಗುವುದು, ಸಾಂದ್ರತೆ ಏರಿದಂತೆಲ್ಲ ಕುದಿಯುವ ಉಷ್ಣತೆಯೂ ಏರುವುದು. ಆದುದರಿಂದ ಉಷ್ಣತೆಯನ್ನು ಅಳೆದರೆ ಒಳಗೆ ಎಷ್ಟು ನೀರು ಉಳಿದಿದೆಯೆಂಬುದನ್ನು ಅಳೆದಂತೆಯೇ ಆಯಿತು. ಸುಮಾರು 115 ಡಿಗ್ರಿ ಸೆಲ್ಸಿಯಸ್ಸಿನ ಹೊತ್ತಿಗೆ ಪಾಕದ ಒಂದು ಹನಿಯನ್ನು ತಣ್ಣೀರಿನಲ್ಲಿ ಬಿಟ್ಟರೆ ಅದು ಬೆರಳಿಗೆ ಮೆತ್ತಗಿನ ಉಂಡೆಯಾಗಿ ಸಿಕ್ಕುವುದು. 150ರ ಸಮೀಪಕ್ಕೆ ಹೋದರೆ ಅದೇ ಹನಿ ಗಾಜಿನಂತೆ ಪಟ್ಟೆಂದು ಮುರಿಯುವುದು. ಮೊದಲನೆಯದು ಕರದಂಟಿಗೂ ಅಂಟಿನುಂಡೆಗೂ ಒದಗುವ ಪಾಕ, ಎರಡನೆಯದು ಶೇಂಗಾ ಚಿಕ್ಕಿಗೆ ಒದಗುವ ಪಾಕ. ತಾಪಮಾಪಕವಿಲ್ಲದ ಕಾಲದಲ್ಲಿ ನಮ್ಮ ಅಡಿಗೆಮನೆಗಳ ಹಿರಿಯರು ಎಳೆಪಾಕ, ಉಂಡೆಪಾಕ, ಗಟ್ಟಿಪಾಕವೆಂದು ಭೇದಗಳನ್ನು ಕಲ್ಪಿಸಿಕೊಂಡು, ಒಂದು ಬಟ್ಟಲು ತಣ್ಣೀರನ್ನೇ ಪರೀಕ್ಷಾಸಾಧನವಾಗಿ ಮಾಡಿಕೊಂಡದ್ದು ನಿಜಕ್ಕೂ ಗೌರವಿಸತಕ್ಕ ಜ್ಞಾನ. ಶುದ್ಧ ಸಕ್ಕರೆಯ ಪಾಕವು ಬೇಗನೆ ಹರಳುಗಟ್ಟಿ ಒರಟಾಗುವುದುಂಟು; ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ಗಳೂ ಸಹಜವಾಗಿಯೇ ಸ್ವಲ್ಪ ಬೆರೆತಿರುವುದರಿಂದ ಹರಳುಗಟ್ಟುವಿಕೆಗೆ ತಡೆಯುಂಟಾಗಿ ತುಂಡು ನಯವಾಗಿ ಉಳಿಯುವುದು. ಮಹಾಲಿಂಗಪುರದ ಪೇಟೆಯ ಬೆಲ್ಲವಾಗಲಿ ಮಂಡ್ಯದ ಅಚ್ಚುಬೆಲ್ಲವಾಗಲಿ, ಅತಿಯಾದ ಹಳದಿಯ ಹೊಳಪಿಲ್ಲದ ಕಂದುಬಣ್ಣದ್ದನ್ನು ಆರಿಸಿ, ಕರಗಿದೊಡನೆ ಶೋಧಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಮರಳು ಕಸಗಳು ಇದ್ದೇ ಇರುವುವು.

ಇನ್ನು ಅಂಟು. ಇದು ಜಾಲಿಯ ಜಾತಿಯ ಮರಗಳಿಂದಲೂ ದಿಂಡಿಗದ ಮರದಿಂದಲೂ ಒಸರಿ ಗಟ್ಟಿಯಾಗುವ ನಿರ್ಯಾಸ. ಬೇಸಿಗೆಯಲ್ಲಿ ನೀರಿನಲ್ಲಿ ನೆನೆಸಿ ಕುಡಿಯುವ ಗೋಂದ್ ಕತೀರಾ ಎಂಬುದು ಬೇರೆಯೇ ವಸ್ತು, ಅದನ್ನು ತುಪ್ಪದಲ್ಲಿ ಹುರಿದರೆ ಪ್ರಯೋಜನವಿಲ್ಲ. ಅಂಟಿನ ಹರಳುಗಳೊಳಗೆ ಅಲ್ಪಸ್ವಲ್ಪ ತೇವ ಉಳಿದಿರುತ್ತದೆ. ಬಿಸಿ ತುಪ್ಪದಲ್ಲಿ ಬಿದ್ದೊಡನೆ ಹರಳು ಮೆದುವಾಗಿ, ಒಳಗಿನ ತೇವವು ಆವಿಯಾಗಿ ಹಿಗ್ಗಿ, ಜೋಳದ ಅರಳಿನಂತೆ ಬಿಚ್ಚಿಕೊಂಡು, ಬಿಳುಪಾಗಿ ಹಗುರಾಗಿ ತೇಲುವುದು. ತುಪ್ಪ ಅತಿಯಾಗಿ ಕಾದಿದ್ದರೆ ಹೊರಗು ಕೆಂಪಾಗಿ ಒಳಗು ಗಟ್ಟಿಯಾಗಿಯೇ ಉಳಿದು, ತಿನ್ನುವಾಗ ಹಲ್ಲಿಗೆ ಮೆತ್ತಿಕೊಳ್ಳುವುದು. ಆದಕಾರಣ ದೊಡ್ಡ ಹರಳುಗಳನ್ನು ಒಡೆದುಕೊಂಡು, ನಡುವಿನ ಉರಿಯಲ್ಲಿ, ಒಮ್ಮೆಗೆ ನಾಲ್ಕಾರು ಹರಳುಗಳನ್ನು ಮಾತ್ರ ಬಿಟ್ಟು ಹುರಿಯತಕ್ಕದ್ದು. ಕರದಂಟಿಗೆ ಗಟ್ಟಿಯಾದ ಚಿಕ್ಕಿಯ ಬಿರುಸು ಬಾರದೆ, ಕಚ್ಚಿದೊಡನೆ ಮುರಿದು ಕರಗುವ ಮೃದುತ್ವ ಬರುವುದು ಈ ಅರಳಿದ ಅಂಟಿನಿಂದಲೇ ಆದ್ದರಿಂದ, ಇಲ್ಲಿ ಅವಸರ ಮಾಡಬಾರದು.

ಒಂದು ಸಂಸಾರಕ್ಕೆ ಸಾಕಾಗುವಷ್ಟು ಮಾಡುವುದಕ್ಕೆ 50 ಗ್ರಾಂ ಅಂಟು, 60 ಗ್ರಾಂ ತುಪ್ಪ, ತುರಿದ ಒಣಕೊಬ್ಬರಿ 100 ಗ್ರಾಂ, ಬೀಜ ತೆಗೆದು ಸಣ್ಣಗೆ ಹೆಚ್ಚಿದ ಉತ್ತತ್ತಿ 100 ಗ್ರಾಂ, ಬಾದಾಮಿ ಮತ್ತು ಗೋಡಂಬಿ ತಲಾ 75 ಗ್ರಾಂ, ಅಂಜೂರ ಮತ್ತು ಒಣದ್ರಾಕ್ಷಿ ತಲಾ 50 ಗ್ರಾಂ, 200 ಗ್ರಾಂ ಬೆಲ್ಲ, ಒಂದು ಚಮಚ ಗಸಗಸೆ, ಏಲಕ್ಕಿ ಜಾಯಿಕಾಯಿಗಳ ಪುಡಿ ಇಷ್ಟನ್ನು ಇಟ್ಟುಕೊಳ್ಳಬಹುದು. ಅಂಟನ್ನು ಹುರಿದು ತೆಗೆದ ಮೇಲೆ ಅದೇ ತುಪ್ಪದಲ್ಲಿ ಬೀಜಗಳನ್ನು, ಬಳಿಕ ಉತ್ತತ್ತಿಯನ್ನು, ಕಡೆಯಲ್ಲಿ ಒಣದ್ರಾಕ್ಷಿಯನ್ನು ಹುರಿಯುವುದು. ಕೊಬ್ಬರಿ ಗಸಗಸೆಗಳನ್ನು ಬೇರೆಯಾಗಿ ಬೆಚ್ಚಗೆ ಮಾಡಿದರೆ ಸಾಕು. ಅಂಟನ್ನು ಬಟ್ಟಲಿನ ತಳದಿಂದ ತರಿತರಿಯಾಗಿ ಒತ್ತಿ ಪುಡಿಮಾಡಿಕೊಂಡು, ಉಂಡೆಪಾಕ ಬಂದ ಕ್ಷಣವೇ ಉರಿಯಾರಿಸಿ, ಎಲ್ಲವನ್ನೂ ಒಟ್ಟಿಗೆ ಹಾಕಿ ಕಲಸಿ, ತುಪ್ಪ ಸವರಿದ ಅಂಚುಳ್ಳ ತಟ್ಟೆಗೆ ಸುರಿದು ಬಟ್ಟಲಿನಿಂದ ಒತ್ತಿ ಸಮಮಾಡತಕ್ಕದ್ದು. ಇನ್ನೂ ಬಿಸಿಯಿರುವಾಗಲೇ ಚೂರಿಯಿಂದ ಗೆರೆ ಹಾಕಿಡಬೇಕು, ಪೂರ್ತಿ ಆರಿದ ಮೇಲೆ ಬಿಡಿಸಬೇಕು. ಈ ಪ್ರಮಾಣದಲ್ಲಿ 30 ಗ್ರಾಂ ತೂಕದ ಸುಮಾರು 25 ತುಂಡುಗಳಾಗುವುವು.

ಒಲೆಯ ಮೇಲಿನ ಪಾಕವೇ ಬೇಡವೆನ್ನುವವರಿಗೆ ಮೆತ್ತಗಿನ ಖರ್ಜೂರವಿದೆ. ಅದರ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸಿಹಿಯೇ ಆಗಿದ್ದು, ಆ ಸಿಹಿಯು ತಿರುಳಿನ ನಾರಿನೊಡನೆ ಬೆರೆತು ತಾನೇ ಪಾಕದಂತೆ ಅಂಟುವುದರಿಂದ ಬೇರೆ ಬೆಲ್ಲವಾಗಲಿ ಜೇನಾಗಲಿ ಬೇಕಾಗದು. 200 ಗ್ರಾಂ ಖರ್ಜೂರವನ್ನು ಬೀಜ ತೆಗೆದು ಅರೆದು, ಹದವಾಗಿ ಹುರಿದು ಒಡೆದ 150 ಗ್ರಾಂ ಬಾದಾಮಿ ಅಥವಾ ಶೇಂಗಾ, ಒಂದು ಹಿಡಿ ಹುರಿದ ಎಳ್ಳು ಅಥವಾ ಅಗಸೆ, ಚಿಟಿಕೆ ಉಪ್ಪು ಸೇರಿಸಿ ನಾದಿ, ತಟ್ಟೆಯಲ್ಲಿ ಒತ್ತಿ, ಮೇಲೆ ಭಾರವಿಟ್ಟು ಎರಡು ಗಂಟೆ ತಂಪಿನಲ್ಲಿಟ್ಟರೆ ಕತ್ತರಿಸುವುದಕ್ಕೆ ಬರುವುದು. ಉಪ್ಪನ್ನು ಮರೆಯಬಾರದೆಂದು ನಾನು ಒತ್ತಿ ಹೇಳುತ್ತೇನೆ. ಖರ್ಜೂರದ ಏಕರೂಪವಾದ ಸಿಹಿಗೆ ಆ ಒಂದು ಚಿಟಿಕೆಯಿಂದಲೇ ಆಳ ಬರುವುದು.

ಹಣ್ಣುಗಳ ಆಯ್ಕೆಯಲ್ಲಿ ನಮ್ಮ ನಾಡಿಗೆ ಬಡತನವಿಲ್ಲ. ವಿಜಯಪುರದ ಸೀಮೆಯಲ್ಲಿ ದ್ರಾಕ್ಷಿಯನ್ನು ನೆರಳಿನ ಚಪ್ಪರಗಳಲ್ಲಿ ಬಲೆಗಳ ಮೇಲೆ ಹರವಿ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಸಿ ಹಣ್ಣು ಒಣಗಿ 1 ಕಿಲೋ ಒಣದ್ರಾಕ್ಷಿಯಾಗುವುದು. ಕೊಂಡು ತಂದದ್ದನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಪೂರ್ಣವಾಗಿ ಆರಿಸಿಯೇ ಬಳಸತಕ್ಕದ್ದು. ಉತ್ತರ ಕನ್ನಡದವರು ಬಾಳೆಹಣ್ಣನ್ನು ಒಣಗಿಸಿ ಮಾಡುವ ಸುಕೇಳಿಯೂ, ಕರಾವಳಿಯವರು ಮಾವು ಹಲಸುಗಳ ರಸವನ್ನು ಚಾಪೆಯ ಮೇಲೆ ಪದರಪದರವಾಗಿ ಹೊಯ್ದು ಬಿಸಿಲಿಗೆ ಒಣಗಿಸುವ ಮಾಂಬಳವೂ, ಖರ್ಜೂರದಂತೆಯೇ ಬೀಜಗಳನ್ನು ಕಟ್ಟಬಲ್ಲ ಪದಾರ್ಥಗಳು. ತಿಪಟೂರಿನ ಕೊಬ್ಬರಿ, ಪುತ್ತೂರಿನ ಗೇರುಬೀಜ, ಚಳ್ಳಕೆರೆಯ ಶೇಂಗಾ ಇವುಗಳೊಡನೆ ಹುಳಿಮಿಶ್ರಿತ ಮಾವಿನ ಮಾಂಬಳ ಸೇರಿದ ತುಂಡು, ದೂರದೇಶದ ಬೆರ್ರಿಗಳನ್ನು ಸೇರಿಸಿದ ಯಾವ ತುಂಡಿಗೂ ರುಚಿಯಲ್ಲಿ ಕಡಮೆಯಾಗದೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಬಾಳಿಕೆಯ ಪ್ರಶ್ನೆ ಬಂದಾಗ ಹಣ್ಣಿನಲ್ಲಿರುವ ತೇವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೆತ್ತಗಿನ ಖರ್ಜೂರದಲ್ಲಿ ನೂರಕ್ಕೆ ಸುಮಾರು 20 ಭಾಗ ನೀರು, ಒಣದ್ರಾಕ್ಷಿಯಲ್ಲಿ 15ರಷ್ಟು, ಹುರಿದ ಬೀಜದಲ್ಲಿ ಕೇವಲ ಎರಡು ಮೂರು ಭಾಗ. ಇವು ಒಟ್ಟಿಗಿದ್ದಾಗ ತೇವವು ಹಣ್ಣಿನಿಂದ ಬೀಜಕ್ಕೆ ಮೆಲ್ಲಮೆಲ್ಲನೆ ಸಂಚರಿಸಿ, ಮೊದಲ ದಿನ ಗರಿಗರಿಯಾಗಿದ್ದ ಬಾದಾಮಿಯು ನಾಲ್ಕೈದು ದಿನಗಳಲ್ಲಿ ಮೆತ್ತಗಾಗುವುದು. ಕರದಂಟಿನವರು ಬೀಜವನ್ನು ತುಪ್ಪದಲ್ಲಿ ಹುರಿಯುವುದರಿಂದ ಅದರ ಮೇಲೆ ಸ್ನಿಗ್ಧವಾದ ಆವರಣ ಏರ್ಪಟ್ಟು ಈ ಸಂಚಾರ ನಿಧಾನವಾಗುವುದು. ಅದಕ್ಕಿಂತ ಮಿಗಿಲಾಗಿ ಅವರು ಖರ್ಜೂರದ ಬದಲು ಉತ್ತತ್ತಿಯನ್ನು ಹಾಕುತ್ತಾರೆ. ಪೂರ್ತಿ ಪಕ್ವವಾಗುವ ಮುನ್ನವೇ ಕೊಯ್ದು, ಕುದಿಸಿ, ಬಿಸಿಲಿನಲ್ಲಿ ಕಲ್ಲಿನಂತಾಗುವ ತನಕ ಒಣಗಿಸಿದ ಆ ಹಣ್ಣಿನಲ್ಲಿ ಇತರರಿಗೆ ಕೊಡುವಷ್ಟು ತೇವವೇ ಇಲ್ಲ. ವಾರಗಟ್ಟಲೆ ಬಾಳುವ ಕರದಂಟಿನ ಹಿಂದೆ ಈ ಆಯ್ಕೆಯ ವಿವೇಕವಿದೆ. ಖರ್ಜೂರದ ತುಂಡುಗಳನ್ನು ಮಾತ್ರ ಒಂದು ವಾರಕ್ಕಾಗುವಷ್ಟೇ ಮಾಡಿಕೊಂಡು ಶೀತಪೆಟ್ಟಿಗೆಯಲ್ಲಿಡುವುದು ಲೇಸು.

ಬೀಜಗಳ ಎಣ್ಣೆಯು ಗಾಳಿ ಬೆಳಕುಗಳ ಸಂಪರ್ಕದಿಂದ ಕಮಟಾಗುವುದು, ಅದರಲ್ಲಿಯೂ ಅಕ್ರೋಟಿನದು ಬಹು ಬೇಗ. ಆದ್ದರಿಂದ ಬಹಳ ಮೊದಲೇ ಒಡೆದಿಟ್ಟ ಬೀಜವನ್ನು ಕೊಳ್ಳದೆ, ಕೊಂಡದ್ದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಕತ್ತಲಿನಲ್ಲಿಡಬೇಕು. ಶೇಂಗಾದಲ್ಲಿ ಬೂಷ್ಟು ಹಿಡಿದ, ಮುದುಡಿದ, ಬಣ್ಣಗೆಟ್ಟ ಕಾಳುಗಳನ್ನು ನಿರ್ದಾಕ್ಷಿಣ್ಯವಾಗಿ ಆರಿಸಿ ಎಸೆಯಬೇಕು. ಆ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರವಾದದ್ದು, ಹುರಿದ ಮಾತ್ರಕ್ಕೆ ಪೂರ್ತಿ ನಾಶವಾಗತಕ್ಕದ್ದಲ್ಲ.

ತಿನ್ನುವ ಮಿತಿಯ ವಿಷಯವಾಗಿಯೂ ಕೆಲವು ಮಾತು ಅವಶ್ಯ. ಮೇಲೆ ಹೇಳಿದ ಕರದಂಟಿನ ಒಂದು ತುಂಡಿನಲ್ಲಿ ಸುಮಾರು 130ರಿಂದ 140 ಕ್ಯಾಲೊರಿಗಳಿರುತ್ತವೆ. ಬಾಣಂತಿಗೂ ಗರಡಿಯಲ್ಲಿ ಸಾಮು ಮಾಡುವವನಿಗೂ ಅಂಟಿನ ತಿನಿಸನ್ನು ಕೊಡುತ್ತ ಬಂದದ್ದು ಅವರ ದೇಹಕ್ಕೆ ಈ ಸಾಂದ್ರವಾದ ಪುಷ್ಟಿ ಬೇಕಾಗಿದ್ದುದರಿಂದ. ದಿನವೆಲ್ಲ ಮೇಜಿನ ಮುಂದೆ ಕುಳಿತು ದುಡಿಯುವವರಿಗೆ ದಿನಕ್ಕೆ ಒಂದು ತುಂಡು ಧಾರಾಳವಾಯಿತು. ಬೆಲ್ಲವೂ ಬಹುಪಾಲು ಸಕ್ಕರೆಯೇ, ಖರ್ಜೂರದ ಸಿಹಿಯೂ ಸಿಹಿಯೇ. ಮಧುಮೇಹವುಳ್ಳವರು ಅವನ್ನು ನಿರಪಾಯವೆಂದು ಭಾವಿಸದೆ ತಮ್ಮ ವೈದ್ಯರನ್ನು ಕೇಳಿಯೇ ತಿನ್ನುವುದು ಯುಕ್ತ. ಶೇಂಗಾ ಗೋಡಂಬಿಗಳು ಕೆಲವರ ಮೈಗೆ ಆಗಿಬರುವುದಿಲ್ಲ, ಅಂಥವರಲ್ಲಿ ಅದು ಪ್ರಾಣಾಪಾಯದ ತನಕವೂ ಹೋಗಬಹುದು; ಆದಕಾರಣ ಶಾಲೆಗೆ ಕಳುಹಿಸುವ ಬುತ್ತಿಯಲ್ಲಿ ಇದನ್ನಿಡುವಾಗ, ಬೇರೆ ಮಕ್ಕಳಿಗೆ ಹಂಚುವ ಮೊದಲು ಕೇಳಬೇಕೆಂದು ಮಕ್ಕಳಿಗೆ ತಿಳಿಸಿ ಹೇಳಬೇಕು. ಐದು ವರ್ಷದೊಳಗಿನ ಕೂಸುಗಳಿಗೆ ಇಡಿಯ ಬೀಜವಿರುವ ತುಂಡನ್ನು ಕೊಡಲೇಬಾರದು, ಅದು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಭಯವುಂಟು. ಅವರ ಪಾಲಿನ ಬೀಜಗಳನ್ನು ಮೊದಲೇ ತೆಗೆದಿಟ್ಟು, ನುಣ್ಣಗೆ ಪುಡಿಮಾಡಿ, ಅರೆದ ಖರ್ಜೂರದಲ್ಲಿ ಕಲಸಿ, ಮೆತ್ತಗಿನ ಸಣ್ಣ ಬಿಲ್ಲೆಗಳಾಗಿ ತಟ್ಟಿ, ಹಿರಿಯರೊಬ್ಬರು ಹತ್ತಿರ ಕುಳಿತು ಚೂರುಚೂರಾಗಿ ತಿನ್ನಿಸತಕ್ಕದ್ದು.