ಹಸುಗೂಸಿನೊಡನೆ ವಿಮಾನಯಾನ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇಂದಿಗೂ ಅಳಿದಿಲ್ಲ. ಬಾಣಂತನ ಮುಗಿಸಿದ ತಾಯಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಕೂಸನ್ನೆತ್ತಿಕೊಂಡು ಮುಂಬಯಿಗೋ ದಿಲ್ಲಿಗೋ ಮರಳುವಾಗ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, ರೈಲೋ ವಿಮಾನವೋ ಎಂಬುದು. ಬೆಂಗಳೂರಿನಿಂದ ದಿಲ್ಲಿಗೆ ರೈಲಿನಲ್ಲಿ ಒಂದೂವರೆ ದಿನದ ಪ್ರಯಾಣ. ವಿಮಾನದಲ್ಲಿ ಸುಮಾರು ಮೂರು ಗಂಟೆ. ಆದರೂ ಹಿರಿಯರಿಗೆ ಅಳುಕು: ಅಷ್ಟು ಎತ್ತರದಲ್ಲಿ ಮಗುವಿನ ಉಸಿರು ಕಟ್ಟೀತೆ, ಕಿವಿ ಒಡೆದೀತೆ? ಈ ಅಳುಕನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಅದರಲ್ಲಿ ಅರ್ಧ ನಿಜವಿದೆ.

ಉಸಿರಿನ ಮಾತು ಸುಲಭ. ವಿಮಾನವು ಮೂವತ್ತು ಸಾವಿರ ಅಡಿಗೂ ಮೇಲೆ ಹಾರಿದರೂ, ಒಳಗಿನ ವಾಯುವಿನ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಯಂತ್ರಗಳು ಕಾಪಾಡುತ್ತವೆ. ಎಂದರೆ ಪ್ರಯಾಣಿಕರು ಉದಕಮಂಡಲದಲ್ಲಿ ಕುಳಿತಂತೆಯೇ ಸರಿ. ದಿನ ತುಂಬಿ ಹುಟ್ಟಿ, ಚೆನ್ನಾಗಿ ಮೊಲೆಯುಣ್ಣುತ್ತಿರುವ ಕೂಸಿಗೆ ಇದರಿಂದ ಬಾಧೆಯಿಲ್ಲ. ಅಕಾಲದಲ್ಲಿ ಜನಿಸಿದ, ಅಥವಾ ಹೃದಯ, ಶ್ವಾಸಕೋಶಗಳ ದೋಷವುಳ್ಳ ಶಿಶುಗಳ ವಿಷಯ ಬೇರೆ. ಅಂಥವರನ್ನು ಟಿಕೆಟ್ಟು ಕೊಳ್ಳುವ ಮುನ್ನವೇ ಮಕ್ಕಳ ವೈದ್ಯರಿಗೆ ತೋರಿಸತಕ್ಕದ್ದು.

ನಿಜವಾದ ತೊಂದರೆ ಕಿವಿಯದು. ಕರ್ಣಪಟಲದ ಹಿಂದಿರುವ ಮಧ್ಯಕರ್ಣವು ಗಾಳಿ ತುಂಬಿದ ಪುಟ್ಟ ಕೋಣೆ. ಅದರಿಂದ ಮೂಗಿನ ಹಿಂಭಾಗಕ್ಕೆ ಯುಸ್ಟೇಶಿಯನ್ ನಾಳವೆಂಬ ಕಿರಿದಾದ ದಾರಿಯೊಂದಿದೆ. ಈ ದಾರಿ ಸಾಮಾನ್ಯವಾಗಿ ಮುಚ್ಚಿಕೊಂಡೇ ಇದ್ದು, ನುಂಗಿದಾಗ, ಆಕಳಿಸಿದಾಗ ಕ್ಷಣಕಾಲ ತೆರೆಯುತ್ತದೆ. ವಿಮಾನ ಏರುವಾಗ ಒಳಗಿನ ಗಾಳಿ ಹಿಗ್ಗಿ ತಾನಾಗಿ ಹೊರಬೀಳುತ್ತದೆ. ಆದ್ದರಿಂದ ಏರುವಾಗ ನೋವು ಕಡಿಮೆ. ಇಳಿಯುವಾಗಲೇ ಕಷ್ಟ. ಆಕಾಶದಲ್ಲಿ ನೀರು ಕುಡಿದು ಮುಗಿಸಿ, ಬಿರಡೆ ಬಿಗಿದಿಟ್ಟ ಪ್ಲಾಸ್ಟಿಕ್ ಬಾಟಲಿಯು ನೆಲ ಮುಟ್ಟುವಷ್ಟರಲ್ಲಿ ನೆಗ್ಗಿಹೋಗಿರುವುದನ್ನು ಅನೇಕರು ಕಂಡಿರಬಹುದು. ನಾಳ ತೆರೆಯದಿದ್ದರೆ ಕರ್ಣಪಟಲವೂ ಹಾಗೆಯೇ ಒಳಕ್ಕೆ ಸೆಳೆಯಲ್ಪಟ್ಟು ನೋಯುತ್ತದೆ. ಶಿಶುಗಳಲ್ಲಿ ಈ ನಾಳ ಇನ್ನೂ ಕಿರಿದು, ಹೆಚ್ಚುಕಡಿಮೆ ಅಡ್ಡಲಾಗಿರುತ್ತದೆ. ಬೇಕೆಂದು ನುಂಗುವ ಉಪಾಯವೂ ಕೂಸಿಗೆ ತಿಳಿಯದು.

ಆ ಉಪಾಯವನ್ನು ತಾಯಿಯೇ ಮಾಡಬೇಕು. ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮುಂಚಿನಿಂದಲೇ ವಿಮಾನ ಇಳಿಯತೊಡಗುತ್ತದೆ. ಆಗ ಹಾಲುಣಿಸಿದರೆ ಪ್ರತಿ ಗುಟುಕಿಗೂ ನಾಳ ತೆರೆದುಕೊಳ್ಳುತ್ತದೆ. ಹೊರಡುವ ಮೊದಲೇ ಹೊಟ್ಟೆ ಬಿರಿಯುವಂತೆ ಕುಡಿಸಿಬಿಟ್ಟರೆ ಈ ಹೊತ್ತಿಗೆ ಕೂಸು ಬಾಯಿ ತೆರೆಯದು. ಮಲಗಿರುವ ಮಗು ನುಂಗುವುದು ತೀರ ಕಡಿಮೆಯಾದ್ದರಿಂದ ಎಬ್ಬಿಸುವುದೇ ಮೇಲು. ಅತ್ತರೂ ಚಿಂತೆಯಿಲ್ಲ, ಅಳುವಿನಿಂದಲೂ ನಾಳ ತೆರೆಯುತ್ತದೆ. ಪಕ್ಕದವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಎತ್ತರದಲ್ಲಿ ಹೊಟ್ಟೆಯ ವಾಯುವೂ ಸುಮಾರು ಮೂರನೆಯ ಒಂದು ಪಾಲು ಹಿಗ್ಗುವುದರಿಂದ, ಉಣಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸುವುದನ್ನು ಮರೆಯಬಾರದು.

ಪ್ರಯಾಣದ ದಿನ ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುವ, ಹತ್ತಿ ತುರುಕುವ ರೂಢಿ ಅಜ್ಜಿಯರಲ್ಲಿದೆ. ಪ್ರೀತಿಯ ಉಪಚಾರವೇನೋ ಹೌದು. ಆದರೆ ತಡೆಯಿರುವುದು ಕರ್ಣಪಟಲದ ಆಚೆಗೆ, ಮೂಗಿನ ಕಡೆಗೆ. ಹೊರಗಿನಿಂದ ಬಿಟ್ಟ ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ತುಸು ದೊಡ್ಡ ಮಕ್ಕಳಿಗೆ ಪೆಪ್ಪರಮೆಂಟು ಕೊಡುವುದುಂಟು; ನಾಲ್ಕು ವರ್ಷದೊಳಗಿನವರಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅಂಥವರಿಗೆ ಲೋಟದಲ್ಲಿ ನೀರು ಗುಟುಕರಿಸುವುದೇ ಸಾಕು.

ನೆಗಡಿಯಾಗಿದ್ದರೆ? ಮೂಗು ಕಟ್ಟಿದಾಗ ನಾಳದ ಬಾಯಿಯೂ ಊದಿಕೊಂಡಿರುತ್ತದೆ. ಸಾಧಾರಣ ನೆಗಡಿಗೆ ಉಪ್ಪುನೀರಿನ ಹನಿ ಬಿಟ್ಟು ಮೂಗು ಸ್ವಚ್ಛಗೊಳಿಸಿ ಹೊರಡಬಹುದು. ಜ್ವರ, ಕಿವಿನೋವು, ಕಿವಿ ಸೋರುವಿಕೆ ಇದ್ದಲ್ಲಿ ವೈದ್ಯರು ಕಿವಿಯೊಳಗೆ ನೋಡಿ ಹೇಳುವವರೆಗೆ ಪ್ರಯಾಣ ಮುಂದೂಡುವುದು ಲೇಸು. ಗೃಹಪ್ರವೇಶವಿದೆ, ಟಿಕೆಟ್ಟಿನ ಹಣ ಹೋಗುತ್ತದೆ ಎಂಬ ಕಾರಣಗಳು ಕಿವಿಗೆ ತಿಳಿಯುವುದಿಲ್ಲ. ಇಂಥ ಸಂದರ್ಭದಲ್ಲಿ ಮನೆಯಲ್ಲಿದ್ದ ನೆಗಡಿಯ ಸಿರಪ್ಪನ್ನು ಕೊಡುವುದು ತರವಲ್ಲ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಮಗು ದಾರಿಯುದ್ದಕ್ಕೂ ನಿದ್ರಿಸಲೆಂದು ಪ್ರೊಮೆಥಜೀನ್ ಕುಡಿಸುವುದಂತೂ ಇನ್ನೂ ಕೆಟ್ಟದ್ದು. ಎರಡು ವರ್ಷದೊಳಗಿನವರಲ್ಲಿ ಅದು ಉಸಿರಾಟವನ್ನೇ ಕುಗ್ಗಿಸಬಲ್ಲದು.

ಇನ್ನುಳಿದದ್ದು ವ್ಯವಸ್ಥೆಯ ಮಾತು. ಎರಡು ವರ್ಷ ತುಂಬದ ಮಗು ತೊಡೆಯ ಮೇಲೆ ಪ್ರಯಾಣಿಸಬಹುದು. ವಯಸ್ಸಿಗೆ ಪುರಾವೆಯಾಗಿ ಜನನ ಪ್ರಮಾಣಪತ್ರ ಕೈಯಲ್ಲಿರಲಿ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆತಾಯಿಯರಲ್ಲಿ ಒಬ್ಬರ ಪಕ್ಕದಲ್ಲಿಯೇ ಆಸನ ಕೊಡಬೇಕೆಂದು ವಿಮಾನಯಾನ ಮಹಾನಿರ್ದೇಶನಾಲಯವು 2024ರಲ್ಲಿ ವಿಮಾನ ಸಂಸ್ಥೆಗಳಿಗೆ ತಿಳಿಸಿದೆ. ಒಳಗಿನ ಗಾಳಿ ಬಹಳ ಒಣಗಿರುತ್ತದೆಂದು ಆರು ತಿಂಗಳೊಳಗಿನ ಕೂಸಿಗೆ ನೀರು ಕುಡಿಸಬೇಕಾಗಿಲ್ಲ, ಎದೆಹಾಲನ್ನೇ ಇನ್ನಷ್ಟು ಸಲ ಕೊಟ್ಟರಾಯಿತು. ಆಮ್ಲಜನಕದ ಮುಖವಾಡಗಳು ಕೆಳಗಿಳಿದರೆ ಮೊದಲು ತಾಯಿ ಧರಿಸಿ, ತರುವಾಯ ಮಗುವಿಗೆ ತೊಡಿಸಬೇಕು. ತಾಯಿಯ ಸಹಜ ಪ್ರವೃತ್ತಿ ಇದಕ್ಕೆ ವಿರುದ್ಧವಾದ್ದರಿಂದ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಬೇಕು.

ಇಳಿದ ಮೇಲೆ ಕೂಸು ಸ್ವಲ್ಪ ಹೊತ್ತು ಕಿರಿಕಿರಿ ಮಾಡಿ ಸುಮ್ಮನಾಗುವುದು ಸಹಜ. ಮರುದಿನವೂ ಕಿವಿ ಎಳೆದುಕೊಂಡು ಅಳುತ್ತಿದ್ದರೆ, ಜ್ವರ ಬಂದರೆ, ಅಥವಾ ಕಿವಿಯಿಂದ ಕೀವು, ರಕ್ತ ಕಂಡರೆ ಅಂದೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು.